ಗಾರೆ ಹಡಗಿನಿಂದ ಅಲೆಯ ಗೆರೆಗೆ

ಕರಿಬಸಪ್ಪ ಮರೆತಿದ್ದರೆ ಆ ಸಂಗತಿ ಇನ್ನು ಜಗತ್ತಿನಲ್ಲಿ ತಮ್ಮೊಬ್ಬರಿಗೇ ಗೊತ್ತು ಎಂಬ ಯೋಚನೆ ಸೇತುರಾಮಯ್ಯನವರಿಗೆ ಬಂದದ್ದು ಬೆಳಗಿನ ಕಾಫಿಯ ಲೋಟವನ್ನು ತೊಳೆಯುತ್ತಿದ್ದಾಗ. ಯೋಚನೆಯಲ್ಲಿದ್ದ ಕೀಳುತನ ಆ ಕ್ಷಣವೇ ಕಂಡಿತು; ಕಂಡ ಮಾತ್ರಕ್ಕೆ ಅದು ಹಿಂದೆ ಸರಿಯಲಿಲ್ಲ. ತೊಳೆದ ಲೋಟವನ್ನೇ ಮತ್ತೊಮ್ಮೆ ತೊಳೆದರು. ಸಂಜೆ ನಾಲ್ಕಕ್ಕೆ ಶುಭಾ ಎಂಬ ಹುಡುಗಿ, ನಾಗರಬಾವಿಯಲ್ಲಿ ಕೋಣೆ ಹಿಡಿದು ಕಡಲ ಕೊರೆತದ ಮೇಲೆ ಸಂಶೋಧನೆ ಮಾಡುತ್ತಿರುವವಳು, ಒಂದು ಹಾಳೆಗೆ ಅವರ ಸಹಿ ಹಾಕಿಸಿಕೊಳ್ಳಲು ಬರುವವಳಿದ್ದಳು. ಅಷ್ಟರೊಳಗೆ ಕೆಂಗೇರಿಗೆ ಹೋಗಿ ಬರಬಹುದು. ಸರ್ವೇ ಇಲಾಖೆಯ ನಿವೃತ್ತರ ಪಟ್ಟಿಯಲ್ಲಿ ಕರಿಬಸಪ್ಪನ ವಿಳಾಸವಿತ್ತು. ಆ ಪಟ್ಟಿ ಎಷ್ಟೋ ವರ್ಷಗಳಿಂದ ಮೇಜಿನ ಖಾನೆಯಲ್ಲೇ ಬಿದ್ದಿತ್ತು. ಅದನ್ನು ಅವನಿಗಾಗಿ ತೆರೆದದ್ದು ಇಂದೇ ಮೊದಲು. ಹತ್ತು ವರ್ಷ ತಮ್ಮ ಹಿಂದೆ ಅಳತೆಯ ಸರಪಳಿ ಹೊತ್ತು ನಡೆದ ಮನುಷ್ಯ ಅತ್ತಿಗುಪ್ಪೆಯ ಮೆಟ್ರೋದಿಂದ ಎಂಟು ನಿಲ್ದಾಣಗಳ ದೂರದಲ್ಲಿದ್ದ.

"ಎಲ್ಲಿಗೆ ಹೊರಟ್ರಿ, ಇಸ್ತ್ರಿ ಶರಟು ಬೇರೆ?" ಎಂದು ಪಂಕಜಾ ಕೇಳಿದರು.

"ಕೆಂಗೇರಿಗೆ. ಕರಿಬಸಪ್ಪನ್ನ ನೋಡ್ಕೊಂಡು ಬರ್ತೀನಿ."

"ಯಾರು, ನಿಮ್ಮ ಚೈನ್‌ಮನ್ನಾ? ಮಗಳ ಮದುವೆಗೆ ಅಂತ ಅವರು ಮನೆ ತನಕ ಬಂದು ಕರೆದಾಗ ಜ್ವರ ಅಂತ ಮಲಗಿಬಿಟ್ರಿ. ಇವತ್ತೇನು ಇದ್ದಕ್ಕಿದ್ದಂಗೆ ಪ್ರೀತಿ?"

"ಜ್ವರ ಇತ್ತು ಕಣೇ."

"ಇತ್ತು ಇತ್ತು. ಥರ್ಮಾಮೀಟರು ನನ್ನ ಕೈಲೇ ಇತ್ತಲ್ಲ," ಎಂದು ಪಂಕಜಾ ಹುರುಳಿಕಾಯಿಯ ನಾರು ತೆಗೆಯುತ್ತ ನಕ್ಕರು. "ಬರೀ ಕೈಲಿ ಹೋಗ್ಬೇಡಿ. ಬಾಳೆಹಣ್ಣು ತಗೊಂಡು ಹೋಗಿ."

ಆರ್‌ಪಿಸಿ ಲೇಔಟಿನ ತಮ್ಮ ರಸ್ತೆಯಲ್ಲಿ ನಡೆಯುವಾಗ ಹೆಜ್ಜೆಗಳನ್ನು ಎಣಿಸುವುದು ಅವರ ಹಳೆಯ ಅಭ್ಯಾಸ. ಮನೆಯ ಗೇಟಿನಿಂದ ಹಣ್ಣಿನ ಗಾಡಿಗೆ ಇನ್ನೂರ ಹದಿನೈದು, ಗಾಡಿಯಿಂದ ಮೆಟ್ರೋ ಮೆಟ್ಟಿಲಿಗೆ ಆರುನೂರ ನಲವತ್ತು. ಮಂಡಿನೋವು ಬಂದ ಮೇಲೆ ಹೆಜ್ಜೆ ಚಿಕ್ಕದಾಗಿ ಲೆಕ್ಕ ಹೆಚ್ಚಾಗಿತ್ತು; ದೂರವಂತೂ ಅಷ್ಟೇ ಇದೆಯಲ್ಲ ಎಂದು ಒಳಗೊಳಗೇ ತಿದ್ದಿಕೊಳ್ಳುತ್ತಿದ್ದರು. ಅಳತೆಯಲ್ಲಿ ತಾವು ಕಟ್ಟುನಿಟ್ಟಿನವರು. ಇಲಾಖೆಯಲ್ಲಿ ಹೊಸಬರಿಗೆ ತರಬೇತಿ ಕೊಡುವಾಗ ಅವರ ಫೀಲ್ಡ್ ಬುಕ್ಕಿನ ಪುಟಗಳನ್ನು ತೋರಿಸುತ್ತಿದ್ದರು. ಎಚ್‌ಬಿ ಪೆನ್ಸಿಲಿನ ನಿಂತ ಅಕ್ಷರ, ಒಂದೇ ಎತ್ತರದ ಅಂಕಿಗಳು, ಎಲ್ಲೂ ಚಿತ್ತಿಲ್ಲ, ಕಾಟಿಲ್ಲ. ಕಳೆದ ವಾರ ಶುಭಾ ಅಂಥದೇ ಒಂದು ಪುಟದ ನಕಲನ್ನು ಪ್ಲಾಸ್ಟಿಕ್ಕಿನ ಹಾಳೆಯೊಳಗಿಟ್ಟು ತಂದಿದ್ದಳು. ಸೋಫಾದ ಅಂಚಿನಲ್ಲಿ ಕುಳಿತು ಎರಡು ಕೈಯಿಂದ ಅವರ ಮುಂದೆ ಚಾಚಿದ್ದಳು. "ಸಾರ್, ಆ ಬೀಚಿಂದು ಅಷ್ಟು ಹಳೇ ಅಳತೆ ಅಂತ ಇರೋದು ಇದೊಂದೇ. ಎಷ್ಟು ನೀಟಾಗಿದೆ ಅಂದ್ರೆ ನಮ್ಮ ಗೈಡು ಇದನ್ನ ಕ್ಲಾಸಲ್ಲಿ ತೋರಿಸ್ತಾರೆ." ಅವರು ಕನ್ನಡಕ ಏರಿಸಿ ನೋಡಿದರು. ಗುಂಡಿನ ಗೋಡೆಯಿಂದ ಅಲೆಯ ಗೆರೆಗೆ ತೊಂಬತ್ತೆರಡು ಮೀಟರು, ನಲವತ್ತು ಸೆಂಟಿಮೀಟರು. ನೀರಿನ ತೊಟ್ಟಿಯಿಂದ ತೊಂಬತ್ತೊಂದು, ಇಪ್ಪತ್ತು. ಗಾರೆ ಹಡಗಿನಿಂದ ತೊಂಬತ್ತು. ಮೂರು ಅಂಕಿಗಳೂ ಮೆಟ್ಟಿಲಿನಂತೆ ಒಂದರ ಕೆಳಗೊಂದು ಕುಳಿತಿದ್ದವು. ಎರಡನೆಯದರಿಂದ ಮೂರನೆಯದಕ್ಕೆ ಇಳಿಯುವ ಮೆಟ್ಟಿಲು ಮೊದಲನೆಯದರಿಂದ ಎರಡನೆಯದಕ್ಕೆ ಇಳಿದಷ್ಟೇ ಎತ್ತರವಾಗಿರುವುದು ಈ ಹುಡುಗಿಯ ಕಣ್ಣಿಗೆ ಬೀಳಲಿಲ್ಲವೆ ಎಂದು ಅವರ ಕಿವಿ ಬಿಸಿಯಾಗಿತ್ತು.

ಮೆಟ್ರೋದ ಗೇಟಿನಲ್ಲಿ ಕಾರ್ಡನ್ನು ತಪ್ಪು ಜಾಗಕ್ಕೆ ಒತ್ತಿದರು. ಕೆಂಪು ದೀಪ ಬಂತು, ಹಿಂದಿನವರು ಉಸ್ಸೆಂದರು. ಕಾವಲಿನ ಹೆಂಗಸು ಬಂದು ಅವರ ಮಣಿಕಟ್ಟನ್ನೇ ಹಿಡಿದು, ಅಕ್ಷರಾಭ್ಯಾಸಕ್ಕೆ ಕೂರಿಸಿದ ಮಗುವಿನ ಕೈ ಹಿಡಿಯುವಂತೆ, ಕಾರ್ಡನ್ನು ಸರಿಯಾದ ಜಾಗಕ್ಕೆ ಮುಟ್ಟಿಸಿದಳು. "ಈಗ ಹೋಗಿ ತಾತ." ತಾವು ಕೂದಲೆಳೆಯಷ್ಟು ಕೋನವನ್ನೂ ಅಳೆಯುವ ಥಿಯೋಡೊಲೈಟ್ ಹಿಡಿದವರು ಎಂದು ಅವಳಿಗೆ ಹೇಳಬೇಕೆನ್ನಿಸಿ, ಹೇಳಬೇಕೆನ್ನಿಸಿದ್ದಕ್ಕೆ ನಾಚಿಕೆಯಾಯಿತು. ಬೋಗಿಯಲ್ಲಿ ಒಬ್ಬ ಯುವಕ ಎದ್ದು ಜಾಗ ಬಿಟ್ಟ. ಕಿಟಕಿಯಲ್ಲಿ ದೀಪಾಂಜಲಿ ನಗರದ ಮನೆಗಳ ತಾರಸಿಗಳು, ಕಪ್ಪು ನೀರಿನ ತೊಟ್ಟಿಗಳು, ಒಣಗಲು ಹಾಕಿದ ಸೀರೆಗಳು ಹಿಂದೆ ಸರಿದವು. ಕಡಲ ದಂಡೆಯ ಆ ತೊಟ್ಟಿಯ ಹತ್ತಿರವೇ ಅಂದು ತಾವು ಬಿದ್ದದ್ದು.

ನಲವತ್ತೈದು ವರ್ಷದ ಹಿಂದಿನ ಆ ದಿನ ಹುಣ್ಣಿಮೆಯ ಭರತ, ಅಂದರೆ ಕಡಲಿನ ಉಬ್ಬರ, ಹತ್ತು ಗಂಟೆ ಹತ್ತು ನಿಮಿಷಕ್ಕೆ. ನೀರು ಏರಿ ನಿಲ್ಲುವ ಆ ಒಂದು ಗಂಟೆಯೊಳಗೆ ಮೂರು ಗುರುತುಗಳಿಂದಲೂ ಅಲೆಯ ಗೆರೆಯವರೆಗೆ ಸರಪಳಿ ಹಿಡಿದು ಮುಗಿಸಬೇಕೆಂದು ಆದೇಶ. ಯುದ್ಧಕಾಲದಲ್ಲಿ ಹಡಗಿನಿಂದ ದಡಕ್ಕೆ ಇಳಿಯುವುದನ್ನು ಸೈನಿಕರಿಗೆ ಕಲಿಸಲು ಬ್ರಿಟಿಷರು ಕಟ್ಟಿದ ಶಿಬಿರ ಅದು. ಯುದ್ಧ ಮುಗಿದ ಮೇಲೆ ತಗಡು, ಮರ, ಇಟ್ಟಿಗೆಗಳನ್ನು ಊರಿನವರು ಹೊತ್ತುಕೊಂಡು ಹೋದರು. ಹೊರಲಾಗದ ಮೂರು ಉಳಿದವು. ಗುಂಡು ಹೊಡೆದು ಕಲಿಯುವ ಗೋಡೆ, ನೀರಿನ ತೊಟ್ಟಿ, ಮತ್ತು ಆ ಹಡಗು. ಹಡಗೆಂದರೆ ಹಡಗಲ್ಲ, ಹಡಗಿನ ಒಂದು ಮಗ್ಗುಲು ಮಾತ್ರ. ಮರಳಿನ ಮೇಲೆ ಎರಡಾಳೆತ್ತರಕ್ಕೆ ಎಬ್ಬಿಸಿದ ಕಾಂಕ್ರೀಟಿನ ಗೋಡೆ, ಮೇಲೆ ಕಬ್ಬಿಣದ ಕೊಂಡಿಗಳು. ಕೊಂಡಿಗಳಿಂದ ಹಗ್ಗದ ಬಲೆ ಇಳಿಬಿಟ್ಟು, ಬಂದೂಕು ಕಟ್ಟಿಕೊಂಡ ಹುಡುಗರು ಅದರ ಮೇಲೆ ಕಾಲಿಟ್ಟು ಕೆಳಗಿನ ಮರಳಿಗೆ, ಮರಳನ್ನೇ ನೀರೆಂದು ತಿಳಿದು, ಇಳಿಯುತ್ತಿದ್ದರಂತೆ. ಊರಿನವರು ಅದನ್ನು ಗಾರೆ ಹಡಗು ಎನ್ನುತ್ತಿದ್ದರು. ಕಡಲ ಗಾಳಿಗೆ ಅದು ಅಡ್ಡ ನಿಂತಿದ್ದರಿಂದ ಅದರ ಬೆನ್ನಿಗೆ ಕೆಲವು ಗುಡಿಸಲುಗಳಾಗಿದ್ದವು. ಈಗ ಮೂವತ್ತೊಂದು ಹೆಂಚಿನ ಮನೆಗಳಿವೆ ಎಂದು ಶುಭಾ ಹೇಳಿದಳು. ಗೋಡೆಯ ಹತ್ತಿರವೂ ತೊಟ್ಟಿಯ ಹತ್ತಿರವೂ ಇಂದು ವಾಸವಿರುವವರು ಯಾರೂ ಇಲ್ಲ.

ಮೊದಲ ಅಳತೆ ಸರಿಯಾಗಿ ಮುಗಿದಿತ್ತು. ಎರಡನೆಯದನ್ನು ಬರೆದು ಪುಸ್ತಕ ಮುಚ್ಚುವಷ್ಟರಲ್ಲಿ ಒಂದು ಅಲೆ, ಅವರು ನೋಡುತ್ತಿದ್ದ ಕಡೆಯಿಂದಲ್ಲದೆ ಮಗ್ಗುಲಿನಿಂದ ಬಂದು, ಮೊಣಕಾಲಿಗೆ ಹೊಡೆದು ಕೂರಿಸಿತು. ಕೂತಲ್ಲಿಂದ ಏಳುವಾಗ ಇನ್ನೊಂದು. ಪುಸ್ತಕವನ್ನು ತಲೆಯ ಮೇಲೆ ಎತ್ತಿಹಿಡಿದು, ಪ್ಯಾಂಟಿನೊಳಗೆ ಮರಳು ತುಂಬಿಕೊಂಡು, ಒಂದು ಕಾಲಿನ ಬೂಟು ಕಳೆದುಕೊಂಡು ಇಪ್ಪತ್ತೇಳು ವರ್ಷದ ಸರ್ಕಾರಿ ಸರ್ವೇಯರು ನಾಲ್ಕು ಕಾಲಲ್ಲಿ ದಡಕ್ಕೆ ಬಂದಾಗ, ಮೀನು ಒಣಹಾಕುತ್ತಿದ್ದ ಹೆಂಗಸರು ಬುಟ್ಟಿ ಕೆಳಗಿಟ್ಟು ನಕ್ಕರು. ಕೇಡಿನ ನಗೆಯಲ್ಲ ಅದು. ಒಬ್ಬಳು ಬೂಟನ್ನು ಹಿಡಿದು ತಂದೂ ಕೊಟ್ಟಳು. ಆದರೆ ಅವರು ಬೂಟು ಇಸಿದುಕೊಳ್ಳುವಾಗ ಆಕೆಯ ಮುಖ ನೋಡಲಿಲ್ಲ. ಮೂರನೆಯ ಗುರುತಿಗೆ ಹೋಗಬೇಕಾದರೆ ಅವರೆಲ್ಲರ ನಡುವೆ ಹಾದು ಅರ್ಧ ಮೈಲಿ ನಡೆಯಬೇಕಿತ್ತು. ಕರಿಬಸಪ್ಪ ಸರಪಳಿಯನ್ನು ಹೆಗಲಿಗೆ ಹಾಕಿಕೊಂಡು ಕಾಯುತ್ತಿದ್ದ. "ಸಾಕು, ನಡಿ" ಎಂದು ಪ್ರವಾಸಿ ಬಂಗಲೆಗೆ ಹಿಂತಿರುಗಿದರು. ದೂರದಲ್ಲಿ ಹಡಗಿನ ಮುಂದೆ ಮರಳು ಕಡಲಿನೊಳಕ್ಕೆ ಹೊಟ್ಟೆಯಂತೆ ಉಬ್ಬಿ ಚಾಚಿತ್ತು. ಅದರ ತುದಿಯಲ್ಲಿ ಹರಡಿದ ಬಲೆಗಳು ಕರವಸ್ತ್ರದಷ್ಟು ಕಾಣುತ್ತಿದ್ದವು. ಅದನ್ನು ಅವರು ಕಣ್ಣಾರೆ ಕಂಡಿದ್ದರು. ಕಂಡೂ, ಬಂಗಲೆಯ ಜಗಲಿಯಲ್ಲಿ ಒಣಗಿದ ಪಂಚೆಯುಟ್ಟು ಕುಳಿತು, ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವ ವ್ಯತ್ಯಾಸವನ್ನೇ ಎರಡನೆಯದರಿಂದ ಕಳೆದು, ಪೆನ್ಸಿಲಿನ ಮೊನೆ ಹೆರೆದು, ತೊಂಬತ್ತು ಎಂದು ಬರೆದರು. ಅಂಕಿ ಚೆನ್ನಾಗಿ ಬಂದಿತ್ತು.

ರಾಜರಾಜೇಶ್ವರಿ ನಗರ ದಾಟಿತು. ಎದುರಿಗೆ ನಿಂತ ಇಬ್ಬರು ಹುಡುಗರಲ್ಲಿ ಒಬ್ಬ, "ಮಗಾ, ಪ್ರೂಫ್ ಎಲ್ಲಿದೆ ಅಂತ ಕೇಳು ಅವಳನ್ನ," ಎಂದ. ಇನ್ನೊಬ್ಬ, "ಕೇಳಿದ್ರೆ ಬ್ಲಾಕ್ ಮಾಡ್ತಾಳೆ ಗುರು," ಎಂದು ಜೋರಾಗಿ ನಕ್ಕ. ಸೇತುರಾಮಯ್ಯನವರು ತಮ್ಮ ಮುಖದ ಮೇಲೂ ಒಂದು ನಗೆ ಇರುವುದನ್ನು ಗಾಜಿನಲ್ಲಿ ಕಂಡು ಅದನ್ನು ತೆಗೆದರು. ಪ್ರೂಫ್ ಯಾರಲ್ಲೂ ಇರಲಿಲ್ಲ. ಶುಭಾ ವಿವರಿಸಿದ್ದಳು: ವರ್ಷಕ್ಕೆ ಸರಾಸರಿ ಎರಡೂವರೆ ಮೀಟರಿಗಿಂತ ಹೆಚ್ಚು ಕೊರೆತವಾದ ಕಡೆಯ ಮನೆಗಳಿಗೆ ಮಾತ್ರ ಸರ್ಕಾರದ ಕಮಿಟಿಯಿಂದ ಬೇರೆ ಜಾಗ ಸಿಗುತ್ತದೆ; ಆ ಕಮಿಟಿಗೆ ವರದಿ ಬರೆಯುತ್ತಿರುವವಳು ತಾನು. ಈಗ ಭರತದ ದಿನ ಅಲೆ ಹಡಗಿನ ಬುಡಕ್ಕೇ ಬಂದು ಬಡಿಯುತ್ತದೆ. ನಲವತ್ತೈದು ವರ್ಷದಲ್ಲಿ ತೊಂಬತ್ತು ಮೀಟರು ಹೋಗಿದೆ, ವರ್ಷಕ್ಕೆ ಎರಡು. "ಎರಡೇ ಆಯ್ತಲ್ಲ ಸಾರ್, ಅದಕ್ಕೇ ಆ ಮೂವತ್ತೊಂದು ಮನೆ ಪಟ್ಟಿಯಲ್ಲಿಲ್ಲ. ಅವರೋ, ಇನ್ನೂ ತುಂಬಾ ಮುಂದೆ ಇತ್ತು ಅಂತಾರೆ. ಬಾಯಿಮಾತು. ನಿಮ್ಮ ಬುಕ್ಕು ಇದೆಯಲ್ಲ, ಎದುರಿಗೆ." ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ್ದಳು. ನೊರೆಯ ಮಧ್ಯೆ ಹಡಗಿನ ಮಗ್ಗುಲು ನಿಂತಿತ್ತು, ನಿಜವಾಗಿಯೂ ಹಡಗಿನಂತೆ. ಮುಂದೆ ಒಬ್ಬ ಮುದುಕಿ ಸೆರಗಿನಿಂದ ಗಾಳಿಗೆ ಬಾಯಿ ಮರೆಮಾಡಿಕೊಂಡು ಹೇಳುತ್ತಿದ್ದಳು: "ಸಮುದ್ರ ಹಡ್ಗಿಗ್ ಬಂದ್ ಮುಟ್ಟಿತ್, ನಮ್ ಹೆಸ್ರ್ ಪಟ್ಟಿಗ್ ಮುಟ್ಲಿಲ್ಲ." ಆ ಅಳತೆಯನ್ನು ತಾವೇ ನಿಂತು ತೆಗೆದದ್ದು ಹೌದಲ್ಲವೆ, ಸಾರ್, ಎಂದು ಶುಭಾ ಕೇಳಿದಳು. ಹೌದು, ನಾನೇ, ಎಂದಿದ್ದರು. ಬಹಳ ಸಲೀಸಾಗಿ ಬಂದಿತ್ತು ಮಾತು.

ಕೆಂಗೇರಿ ಉಪನಗರದ ಎರಡನೆಯ ಮಹಡಿಯ ಮನೆಯ ಬಾಗಿಲು ತೆರೆದವಳು ಕರಿಬಸಪ್ಪನ ಮೊಮ್ಮಗಳು ವಚನಾ, ಕೈಯಲ್ಲಿ ಬಿ.ಎಡ್. ನೋಟ್ಸು ಹಿಡಿದ ಹುಡುಗಿ. ಅವಳ ಹಿಂದೆ ಕರಿಬಸಪ್ಪ, ಹಣೆಯ ತುಂಬ ವಿಭೂತಿ, ಬನಿಯನ್ನಿನ ಮೇಲೆ ಟವೆಲು. ಒಂದು ಗಳಿಗೆ ದಿಟ್ಟಿಸಿ, "ಅಯ್ಯೋ, ಸಾಹೇಬ್ರು!" ಎಂದು ಕೂಗಿದ. "ಏ ಶಿವಕ್ಕ, ಯಾರು ಬಂದಾರ ನೋಡಿಲ್ಲಿ. ಬರ್ರಿ ಬರ್ರಿ. ದಾರಿ ಹೆಂಗ್ ಸಿಕ್ತ್ರಿ ನಿಮಗ?"

"ನಕ್ಷೆ ಓದೋಕೆ ಬರುತ್ತಲ್ಲ ನನಗೆ," ಎಂದರು ಸೇತುರಾಮಯ್ಯನವರು.

"ಮಗಳ ಮದುವಿ ಟೈಮಿನಾಗ ಆ ವಿದ್ಯಾ ಮರ್ತಿತ್ತೇನ್ರೀ ಸಾಹೇಬ್ರಿಗೆ?" ಎಂದು ಒಳಗಿನಿಂದಲೇ ಅವನ ಹೆಂಡತಿ ಶಿವಕ್ಕನ ದನಿ ಬಂತು.

"ಏ, ಬಂದೋರ್ನ ಕುಂದ್ರಾಕ ಬಿಡು ಮೊದ್ಲು," ಎಂದು ಕರಿಬಸಪ್ಪ ಗದರಿ, ಕುರ್ಚಿಯನ್ನು ಟವೆಲಿನಿಂದ ಒರೆಸಿದ. ಅವರು ಕುಳಿತರು. ಅವನು ಎದುರಿಗೆ ದಿವಾನದ ತುದಿಯಲ್ಲಿ, ಕೂತೂ ಕೂರದಂತೆ, ಹಳೆಯ ಕಾಲದ ಹಾಗೆಯೇ ಕುಳಿತ. ಕೂದಲೆಲ್ಲ ಹೋಗಿತ್ತು, ಹೆಗಲ ಮೇಲೆ ಸರಪಳಿ ಕೂರುತ್ತಿದ್ದ ಜಾಗ ಈಗಲೂ ತುಸು ತಗ್ಗಾಗಿದೆಯೆಂದು ತೋರಿತು, ಇಲ್ಲವೇ ತೋರಬೇಕೆಂದು ತೋರಿತು. ಶಿವಕ್ಕ ಒಗ್ಗರಣೆ ಹಾಕಿದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟರು. ವೈದ್ಯರು ಖಾರ ಬೇಡವೆಂದಿದ್ದಾರೆ ಎನ್ನಲು ಹೊರಟು ಅವರು ಒಂದು ಬಜ್ಜಿ ತೆಗೆದುಕೊಂಡರು.

"ವಚನಾ, ಇವರಾ ನೋಡವ್ವ ಸೇತುರಾಮಯ್ಯ ಸಾಹೇಬ್ರು. ನಾ ಹೇಳ್ತಿದ್ನೆಲ್ಲ. ಕಣ್ಣಿಲೆ ನೋಡದ್ದನ್ನ ಪುಸ್ತಕದಾಗ ಬರಿಯೋ ಜಾತಿ ಅಲ್ಲ ಇವ್ರು."

"ಗೊತ್ತು ತಾತ, ನೂರು ಸಲ ಹೇಳಿದೀಯ," ಎಂದಳು ವಚನಾ. "ನಾನು ರೆಕಾರ್ಡ್ ಬುಕ್ ಕಾಪಿ ಮಾಡಿದ್ರೆ ಸಾಕು ಅಂಕಲ್, ನಿಮ್ಮ ಕತೆ ಶುರು ಮಾಡ್ತಾರೆ."

ಬಜ್ಜಿ ನಾಲಿಗೆ ಸುಟ್ಟಿತು. ಅವರು ನೀರು ಕುಡಿದರು. ಕರಿಬಸಪ್ಪ ಇದನ್ನು ಚುಚ್ಚಿ ಹೇಳುತ್ತಿದ್ದಾನೆಯೆ ಎಂದು ಅವನ ಮುಖ ನೋಡಿದರೆ, ಅಲ್ಲಿ ಮೊಮ್ಮಗಳ ಮುಂದೆ ತನ್ನ ಸಾಹೇಬರನ್ನು ನಿಲ್ಲಿಸಿದ ಹೆಮ್ಮೆಯಲ್ಲದೆ ಬೇರೇನೂ ಕಾಣಲಿಲ್ಲ. ಅಂದು ಮಧ್ಯಾಹ್ನವೂ ಈ ಮುಖದಲ್ಲಿ ಇಂಥದೇ ಒಂದು ಹೆಮ್ಮೆಯಿತ್ತು. ತಾವು ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದಾಗ ಅವನು ಬೆವರು ಸುರಿಸಿಕೊಂಡು ಬಂದು, ಒದ್ದೆ ಟವೆಲನ್ನು ಬಿಚ್ಚಿ, ಆರೋಗಳನ್ನು ಮೇಜಿನ ಮೇಲಿಟ್ಟ. ಸರಪಳಿ ಒಂದು ಉದ್ದ ಮುಗಿದಾಗಲೆಲ್ಲ ನೆಲಕ್ಕೆ ಚುಚ್ಚುವ ಕಬ್ಬಿಣದ ಸೂಜಿಗಳು ಅವು. ಕೊನೆಯಲ್ಲಿ ಕೈಯಲ್ಲಿ ಎಷ್ಟು ಆರೋ ಸೇರಿದವೋ ಅಷ್ಟು ಸರಪಳಿ, ಇಪ್ಪತ್ತಿಪ್ಪತ್ತು ಮೀಟರು. "ಸಾಹೇಬ್ರ, ನೀರು ಇಳಿಯೋದ್ರಾಗ ಹಡಗಿಂದೂ ಹಿಡ್ಕೊಂಡು ಬಂದೀನ್ರಿ. ಒಬ್ಬ ಮೀನಿನವ ತುದಿ ಹಿಡಿದ." ಓದು ಬಾರದವನು ಆದೇಶವಿಲ್ಲದೆ ಹೋಗಿದ್ದಾನೆ. ಅದಕ್ಕಿಂತ ಹೆಚ್ಚಾಗಿ, ಆ ಹೆಂಗಸರ ಮುಂದೆ ತಾವು ಹೋಗಲಾರದೆ ಹಿಂದಿರುಗಿದ ದಾರಿಯಲ್ಲಿ ಇವನು ಹೋಗಿದ್ದಾನೆ. "ನಿನ್ನನ್ನು ಯಾರು ಹೋಗು ಅಂದೋರು? ಬರೆದಾಯ್ತು" ಎಂದು ಆರೋಗಳನ್ನು ಎಣಿಸದೆ, ಕೈಯಿಂದ ಬಳಿದು ಚೀಲದೊಳಕ್ಕೆ ಹಾಕಿದ್ದರು. ಅವನ ಅಂಕಿಯನ್ನು ಕೇಳಿದ್ದರೆ ಬರೆದದ್ದನ್ನು ಹೊಡೆದು ಮೇಲೆ ಬೇರೆ ಬರೆಯಬೇಕಿತ್ತು, ಪುಟ ಕೆಡುತ್ತಿತ್ತು. ಕರಿಬಸಪ್ಪ "ಆತ್ರಿ" ಎಂದು ಹೇಳಿ, ಸರಪಳಿಯ ಕೊಂಡಿಕೊಂಡಿಯ ಮರಳನ್ನೂ ಒರೆಸಿ ಎಣ್ಣೆ ಹಚ್ಚಲು ಬಾವಿಯ ಕಡೆ ಹೋಗಿದ್ದ.

"ಕರಿಬಸಪ್ಪ," ಎಂದರು ಸೇತುರಾಮಯ್ಯನವರು, ದನಿಯನ್ನು ಆದಷ್ಟು ಸಹಜವಾಗಿಟ್ಟು. "ಕಡಲ ದಂಡೆಲಿ ಒಂದು ಹಳೇ ಮಿಲಿಟರಿ ಕ್ಯಾಂಪ್ ಇತ್ತಲ್ಲ. ಗಾರೆ ಹಡಗು. ನೆನಪಿದೆಯಾ ನಿಂಗೆ?"

ಕರಿಬಸಪ್ಪ ಮಂಡಕ್ಕಿಯ ತಟ್ಟೆಯಿಂದ ಒಂದು ಶೇಂಗಾ ಹೆಕ್ಕಿದ. "ಹಡಗಾ? ಎಷ್ಟು ಊರು ತಿರುಗೀವಿ ಸಾಹೇಬ್ರ. ಯಾವ್ದಂತ ನೆನಪು ಇಟ್ಕಳ್ಳಿ? ವಯಸ್ಸಾತು, ಎಲ್ಲಾ ಮರ್ತು ಹೋಗೇತಿ."

"ಅಲ್ಲಿ ಅಳತೆ ಮಾಡಿದ್ದು?"

"ಇಲ್ರಿ. ಮರ್ತೀನಿ."

ಇಷ್ಟೇ. ಇದಕ್ಕಾಗಿ ಬಂದದ್ದು, ಇದು ಸಿಕ್ಕಿತು. ಬೆನ್ನಿನ ಮೇಲಿಂದ ಏನೋ ಇಳಿದಂತಾಗಿ ಅವರು ಕುರ್ಚಿಗೆ ಒರಗಿದರು. ವಚನಾಳ ಓದನ್ನು ವಿಚಾರಿಸಿದರು, ಪಟ್ಟಣಗೆರೆಯ ಕಡೆ ನಿವೇಶನಗಳ ಅಳತೆ ಎಷ್ಟು ಅಧ್ವಾನವಾಗಿದೆಯೆಂದು ಹೇಳಿದರು, ಶಿವಕ್ಕನ ಒಂದು ಮಾತಿಗೆ ನಕ್ಕರು ಕೂಡ. ಇನ್ನು ಹೊರಡಬೇಕೆಂದು ಏಳುವಷ್ಟರಲ್ಲಿ ಜೇಬಿನ ಫೋನು ಹೊಡೆದುಕೊಂಡಿತು. ಕಿವಿ ಮಂದವಾದ ಮೇಲೆ ಅವರು ಸ್ಪೀಕರ್ ಹಾಕಿಯೇ ಮಾತನಾಡುತ್ತಿದ್ದರು.

"ಸಾರ್, ನಾನು ಶುಭಾ. ನಾಲ್ಕರ ಬದಲು ಮೂರಕ್ಕೇ ಬರ್ಲಾ? ಇವತ್ತೇ ರಿಪೋರ್ಟ್ ಕೊಡ್ಬೇಕಂತೆ. ಆ ಗಾರೆ ಹಡಗಿನ ಹಾಳೇದು ಒಂದೇ ಬಾಕಿ. ಏನು ಬರೆದಿದೀನಿ ಓದ್ತೀನಿ, ಕೇಳಿಸ್ಕೊಳ್ಳಿ. 'ಈ ಪುಟದಲ್ಲಿ ನಮೂದಿಸಿರುವ ಮೂರೂ ಅಳತೆಗಳನ್ನು ನಾನೇ ಸ್ಥಳದಲ್ಲಿ ಹಾಜರಿದ್ದು ತೆಗೆದಿರುತ್ತೇನೆ.' ಸರಿ ಇದೆಯಾ ಸಾರ್?"

ವಾಕ್ಯ ಸರಿಯಾಗಿಯೇ ಇತ್ತು. ತಾವು ಬರೆದಿದ್ದರೂ ಹಾಗೆಯೇ ಬರೆಯುತ್ತಿದ್ದರು. ಸರಿ ಇದೆ ಎಂಬ ಎರಡು ಮಾತು ನಾಲಿಗೆಯ ಮೇಲೆ ಬಂದು ಕುಳಿತವು. ಆಗ ಕರಿಬಸಪ್ಪ ದಿವಾನದಿಂದ ಎದ್ದ. ಮೂಲೆಯಲ್ಲಿ ಓಡುತ್ತಿದ್ದ ಟಿವಿಯ ದನಿಯನ್ನು ತುಸು ಏರಿಸಿದ. "ವಚನಾ, ನಡಿಯವ್ವ, ಒಳಗ ಅಜ್ಜಿಗೆ ಕೈ ಹಚ್ಚು" ಎಂದು ಮೊಮ್ಮಗಳನ್ನು ಅಡುಗೆಮನೆಗೆ ಕಳುಹಿಸಿ, ತಾನು ಬಾಲ್ಕನಿಗೆ ಹೋಗಿ, ಬಾಗಿಲನ್ನು ಹಿಂದಿನಿಂದ ಎಳೆದುಕೊಂಡು, ಬೀದಿಯ ಕಡೆ ಮುಖಮಾಡಿ ನಿಂತ. ಕೋಣೆಯಲ್ಲಿ ಈಗ ಸೇತುರಾಮಯ್ಯನವರು ಒಬ್ಬರೇ. ಮರೆತ ಮನುಷ್ಯ ಎದ್ದು ಹೋಗಬೇಕಾಗಿರಲಿಲ್ಲ. ಸಾಹೇಬರು ಏನು ಹೇಳಿದರೂ ಅದನ್ನು ಕೇಳಿದವರು ಯಾರೂ ಇರಬಾರದೆಂದು ಮನೆಯನ್ನೇ ಖಾಲಿ ಮಾಡಿಕೊಟ್ಟು ಅವನು ಹೋಗಿದ್ದ. ಹಿಂದೆ ತಾವು ಬಟ್ಟೆ ಬದಲಿಸುವಾಗ ಡೇರೆಯ ಹೊರಗೆ ಹೀಗೆಯೇ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಮಬ್ಬು ಗಾಜಿನ ಬಾಗಿಲಿನಾಚೆ ಆ ಬೆನ್ನು ಕಾಣುತ್ತಿತ್ತು.

"ಸಾರ್? ಕೇಳಿಸ್ತಾ?"

"ಸರಿ ಇಲ್ಲ," ಎಂದರು. ತಮ್ಮ ದನಿ ಬೇರೆ ಯಾರದೋ ಕಚೇರಿಯಿಂದ ಬಂದಂತೆ ಕೇಳಿಸಿತು. "ಮೂರನೇದು ನಾನು ಅಳೆದದ್ದಲ್ಲ. ಹಡಗಿನ ಹತ್ರ ನಾನು ಹೋಗ್ಲೇ ಇಲ್ಲ. ಮೇಲಿನ ಎರಡನ್ನ ನೋಡ್ಕೊಂಡು ಅಂದಾಜಲ್ಲಿ ಬರೆದೆ."

ಅತ್ತ ಕಡೆ ಯಾವುದೋ ಆಟೋ ಹೋದ ಸದ್ದು. "ಸಾರ್, ಹೋದ ವಾರ ನೀವೇ ಅಂದ್ರಲ್ಲ..."

"ಅದು ಸುಳ್ಳು."

"ಹಂಗಾದ್ರೆ ಮೊದಲಿನ ಎರಡು?"

"ಅವು ಅಳೆದದ್ದು. ನಾನೇ ನಿಂತು."

"ಅದನ್ನ ಈಗ ನಾನು ಹೆಂಗೆ ನಂಬ್ಲಿ ಸಾರ್?" ಶುಭಾ ಒರಟಾಗಿ ಕೇಳಲಿಲ್ಲ, ತಿಳಿದುಕೊಳ್ಳಬೇಕಾಗಿ ಕೇಳಿದಳು. ಪುಟದ ಎಲ್ಲ ಅಂಕಿಗಳೂ ಒಂದೇ ಎತ್ತರದವು, ಒಂದೇ ಕೈಯವು. ಅಳೆದದ್ದಕ್ಕೂ ಅಳೆಯದ್ದಕ್ಕೂ ಅಲ್ಲಿ ಗುರುತು ಮಾಡುವಂಥದೇನನ್ನೂ ಅವರು ಉಳಿಸಿರಲಿಲ್ಲ. "ಸಾರ್, ಈ ತೊಂಬತ್ತನ್ನ ನಾನು ತೆಗೆದುಹಾಕ್ತೀನಿ. ಇಡೀ ಬುಕ್ಕನ್ನೇ ಕಮಿಟಿಯೋರು ಬೇಡ ಅನ್ನಬಹುದು. ನಿಮ್ಮ ಹೆಸರು ಹಾಕಿ ಯಾಕೆ ಅಂತಾನೂ ಬರೀಬೇಕಾಗುತ್ತೆ."

"ಬರಿಯಮ್ಮ."

"ನಿಜವಾಗ್ಲೂ ಎಷ್ಟಿತ್ತು ಅಂತ ಹೇಳೋರು ಯಾರಾದ್ರೂ ಇದಾರಾ? ಆವಾಗ ಅಲ್ಲಿದ್ದೋರು? ಲಿಖಿತವಾಗಿ ಕೊಟ್ರೆ ಜೊತೆಗೆ ಇಡ್ತೀನಿ. ಒಪ್ತಾರೋ ಬಿಡ್ತಾರೋ, ಬರೀ ಕೈಲಿ ಹೋಗೋದಕ್ಕಿಂತ ಮೇಲು."

ಸೇತುರಾಮಯ್ಯನವರು ಎದ್ದರು. ಹತ್ತು ಹೆಜ್ಜೆಯೂ ಇಲ್ಲದ ದೂರಕ್ಕೆ ಮಂಡಿ ಎರಡು ಸಲ ಹಿಡಿಯಿತು. ಬಾಲ್ಕನಿಯ ಬಾಗಿಲು ತಳ್ಳಿದರು. ಕರಿಬಸಪ್ಪ ತಿರುಗಲಿಲ್ಲ; ಕೆಳಗೆ ಯಾರೋ ಸ್ಕೂಟರನ್ನು ಹಿಂದಕ್ಕೆ ತೆಗೆಯುತ್ತಿದ್ದುದನ್ನು ನೋಡುತ್ತಿದ್ದ.

"ಕರಿಬಸಪ್ಪ, ಎಷ್ಟಿತ್ತು?"

"ಏಳು ಆರೋ," ಎಂದ ಕರಿಬಸಪ್ಪ. "ಮ್ಯಾಲೆ ಹದಿನೆಂಟು ಕೊಂಡಿ."

ನೂರ ನಲವತ್ತು. ಕೊಂಡಿಯೊಂದಕ್ಕೆ ಇಪ್ಪತ್ತು ಸೆಂಟಿಮೀಟರಿನಂತೆ ಮೂರು ಮೀಟರು ಅರವತ್ತು. ವರ್ಷಕ್ಕೆ ಮೂರು ಮೀಟರಿಗೂ ಮೇಲೆ. ಲೆಕ್ಕ ತಾನಾಗಿಯೇ ಆಗಿಬಿಟ್ಟಿತು. ಈ ಲೆಕ್ಕವನ್ನು ಜಗಲಿಯಲ್ಲೇ ಮಾಡಬಹುದಿತ್ತು, ಅರ್ಧ ನಿಮಿಷದಲ್ಲಿ.

"ಮರೆತೆ ಅಂದ್ಯಲ್ಲ."

"ನೀವು ಬರೆದದ್ದೆಲ್ಲಾ ಮರ್ತೀನಿ ಸಾಹೇಬ್ರ. ಪುಸ್ತಕದಾಗ ಐತಲ್ಲ, ನನಗ್ಯಾಕ ಅದು. ಇದೊಂದು ನೀವು ಬರೀಲಿಲ್ಲ. ನಾನಾ ಇಟ್ಕಬೇಕಾತು."

ಫೋನು ಕೈಯಲ್ಲಿ ಇನ್ನೂ ಮಾತನಾಡುತ್ತಿತ್ತು. "ಸಾರ್, ಏಳು ಏನು? ಅದ್ಯಾರು ಹೇಳಿದ್ದು?"

"ಅಳೆದವರು," ಎಂದು ಸೇತುರಾಮಯ್ಯನವರು ಫೋನನ್ನು ಚಾಚಿದರು.

ಕರಿಬಸಪ್ಪನವರು ಎರಡು ಕೈಯನ್ನೂ ಟವೆಲಿಗೆ ಒರೆಸಿಕೊಂಡು ಅದನ್ನು ತೆಗೆದುಕೊಂಡರು. ಬಾಯಿಗೆ ತೀರ ಹತ್ತಿರ ಹಿಡಿದು, ಬಯಲಿನ ಈ ತುದಿಯಿಂದ ಆ ತುದಿಗೆ ಕೂಗುವ ದನಿಯಲ್ಲಿ, "ಪೆನ್ನು ಹಿಡ್ಕಂಡಿಯೇನವ್ವ?" ಎಂದು ಕೇಳಿದರು. "ನಿಧಾನಕ್ಕ ಹೇಳ್ತೀನಿ, ಬರ್ಕ. ಹಡಗಿನ ಬಡಗಣ ಮೂಲಿಯಿಂದ ಹಿಡಿದದ್ದು."